ಜಾರುಬಂಡೆಯ ಪಕ್ಕದಲ್ಲಿ ಮಾವನವರು

ಬಜ್ಜಿ ಕರಿಯುವ ಬಾಣಲೆ ಕಂಡಾಗಲೆಲ್ಲ ನನಗೆ ನರಕದ ನೆನಪಾಗುತ್ತದೆ. ತಪ್ಪು ತಿಳಿಯಬೇಡಿ, ಬಜ್ಜಿಯ ಮೇಲೆ ನನಗೆ ಯಾವ ಹಗೆಯೂ ಇಲ್ಲ. ವರ್ತೂರಿನಲ್ಲಿ ಸಂಜೆ ಹೊತ್ತು ರಸ್ತೆ ಪಕ್ಕ ನಿಲ್ಲುವ ಗಾಡಿಯ ಮುಂದೆ, ಶಾಲೆ ಬಿಟ್ಟು ಬರುವಾಗ ನಾನೂ ನಿಲ್ಲುತ್ತೇನೆ, ಮೆಣಸಿನಕಾಯಿ ಬಜ್ಜಿ ತಿನ್ನುತ್ತೇನೆ, ಮನೆಗೆ ಹೋಗಿ ಯಾಕೋ ಹಸಿವೇ ಇಲ್ಲ ಎನ್ನುತ್ತೇನೆ. ಆದರೆ ಆ ಬಜ್ಜಿಯವನು ಮೇಲೆ ತೇಲಿ ಬಂದ ಬಜ್ಜಿಯನ್ನು ಜಾಲರಿ ಸೌಟಿನಿಂದ ಮತ್ತೆ ಎಣ್ಣೆಯೊಳಕ್ಕೆ ಒತ್ತಿ ಹಿಡಿಯುತ್ತಾನಲ್ಲ, ಆಗ ಮಾತ್ರ ಎದೆ ಒಮ್ಮೆ ಝಲ್ಲೆನ್ನುತ್ತದೆ.

ಇದಕ್ಕೆ ಕಾರಣ ಮಾಲೂರಿನಲ್ಲಿದ್ದ ನಮ್ಮಪ್ಪನ ಟೈಲರ್ ಅಂಗಡಿ. ಅಂಗಡಿ ಎಂದರೆ ಒಂದು ಬಾಗಿಲು, ಎರಡು ಹೊಲಿಗೆ ಮಷೀನು, ನೆಲದ ತುಂಬ ಬಟ್ಟೆಯ ಚೂರು. ಗೋಡೆಯಲ್ಲಿ ಅಳತೆ ಟೇಪು ನೇತುಹಾಕುವ ಮೊಳೆಯ ಪಕ್ಕ ಯಮಲೋಕದ ಒಂದು ಪಟವಿತ್ತು. ಸುಳ್ಳು ಹೇಳಿದವರ ನಾಲಿಗೆಯನ್ನು ಇಕ್ಕಳದಲ್ಲಿ ಎಳೆಯುತ್ತಿದ್ದರು. ಮೋಸ ಮಾಡಿದವರನ್ನು ಮುಳ್ಳಿನ ಮರ ಹತ್ತಿಸುತ್ತಿದ್ದರು. ಅಪ್ಪ ಅದನ್ನು ಗಿರಾಕಿಗಳಿಗೆ ತೋರಿಸಿ, "ಬಟ್ಟೆ ಉಳಿಸ್ಕೊಳ್ಳೋ ಟೈಲರ್‌ಗೆ ಇದೇ ಗತಿ ನೋಡಿ," ಎಂದು ತಾನೇ ನಗುತ್ತಿದ್ದ. ನಡುವೆ ದೊಡ್ಡದೊಂದು ಕೊಪ್ಪರಿಗೆ, ಅದರಲ್ಲಿ ಕುದಿಯುವ ಎಣ್ಣೆ, ಎಣ್ಣೆಯಲ್ಲಿ ಜನ. ಒಬ್ಬ ಯಮದೂತ ಥೇಟ್ ನಮ್ಮ ಬಜ್ಜಿಯವನ ಹಾಗೆಯೇ ಅವರನ್ನು ಒತ್ತಿ ಹಿಡಿದಿದ್ದ. ಸ್ವರ್ಗಕ್ಕೆ ಪಟದ ಮೇಲ್ಗಡೆ ಒಂದು ಮೂಲೆ ಮಾತ್ರ ಕೊಟ್ಟಿದ್ದರು. ಅಲ್ಲಿ ಮೋಡದ ಮೇಲೆ ಕೆಲವರು ರೇಷ್ಮೆ ಉಟ್ಟುಕೊಂಡು ಸುಮ್ಮನೆ ಕೂತಿದ್ದರು.

ಟೈಲರ್ ಮಗಳಾದ ನನಗೆ ಹೊಳೆದದ್ದು ಬೇರೆಯೇ. ನರಕದಲ್ಲಿರುವವರಿಗೆಲ್ಲ ಒಂದು ತುಂಡು ಲಂಗೋಟಿ. ಸ್ವರ್ಗದವರಿಗೆ ಪಂಚೆ, ಶಲ್ಯ. ಒಬ್ಬರಾದರೂ ಹೊಲಿಸಿದ ಬಟ್ಟೆ ತೊಟ್ಟಿರಲಿಲ್ಲ.

"ಅಪ್ಪಾ, ಮೇಲೂ ಕೆಳಗೂ ಯಾರೂ ಶರ್ಟ್ ಹಾಕಲ್ಲ. ನೀನು ಅಲ್ಲಿಗೆ ಹೋದ್ರೆ ಏನು ಕೆಲಸ ಮಾಡ್ತೀಯ?" ಎಂದು ಕೇಳಿದೆ.

ಅಪ್ಪ ಹಲ್ಲಿನಲ್ಲಿ ದಾರ ಕಡಿದು, "ಅದಕ್ಕೇ ಕಣಮ್ಮ ಅದನ್ನ ಸ್ವರ್ಗ ಅನ್ನೋದು," ಎಂದ.

ಸ್ವರ್ಗದ ವಿಷಯದಲ್ಲಿ ನನಗಿದ್ದ ದೊಡ್ಡ ತಕರಾರು ಎಂದರೆ ಅದು ಮುಗಿಯುವುದೇ ಇಲ್ಲ ಎನ್ನುವುದು. ಊರಿಗೆ ಬರುತ್ತಿದ್ದ ಹರಿಕಥೆ ದಾಸರು 'ಅನಂತಕಾಲ' ಎಂಬ ಮಾತನ್ನು ಎಳೆದು ಎಳೆದು ಹೇಳುತ್ತಿದ್ದರು. ಅವರ ಹರಿಕಥೆಯೇ ಅನಂತಕಾಲದಷ್ಟು ಉದ್ದವಿರುತ್ತಿದ್ದುದರಿಂದ ಆ ಮಾತಿನ ಅರ್ಥ ನನಗೆ ಚೆನ್ನಾಗಿ ಆಗಿತ್ತು. ಈಗ ಸರ್ಕಾರಿ ಶಾಲೆಯಲ್ಲಿ ಮೇಡಂ ಆಗಿರುವ ನನಗೆ ಸೋಮವಾರದ ಕೊನೆಯ ಪಿರಿಯಡ್ಡನ್ನೇ ತಡೆಯಲಾಗುವುದಿಲ್ಲ, ಇನ್ನು ಮೋಡದ ಮೇಲೆ ಕಾಲು ಮಡಿಚಿ ಯುಗಯುಗ ಕೂರುವುದು ನನ್ನಿಂದಾಗುವ ಮಾತೇ? ನನ್ನನ್ನು ಕೇಳಿದರೆ ಸ್ವರ್ಗಕ್ಕೆ ಒಂದು ಮಧ್ಯಾಹ್ನ ಸಾಕು. ಅಪ್ಪನ ಅಂಗಡಿಯಲ್ಲಿ ಚೂರು ಬಟ್ಟೆಯ ಗುಡ್ಡೆಯ ಮೇಲೆ ಮಲಗಿರಬೇಕು. ಹೊರಗೆ ಬಿಸಿಲು ಉರಿಯುತ್ತಿರಬೇಕು. ಮಷೀನು ಒಂದಿಷ್ಟು ಓಡಿ, ನಿಂತು, ಮತ್ತೆ ಓಡಬೇಕು. ಅಪ್ಪ ಯಾರಿಗೋ "ನಾಳೆ ಖಂಡಿತ ಕೊಡ್ತೀನಿ" ಎನ್ನುತ್ತಿರಬೇಕು. ಆ ನಾಳೆ ಬರಲಿ, ಬಿಡಲಿ. ಅಷ್ಟು ಸಿಕ್ಕರೆ ಉಳಿದದ್ದನ್ನು ದೇವರು ಬೇರೆ ಯಾರಿಗಾದರೂ ಕೊಡಬಹುದು.

ಎಲ್ಲಿಂದ ಎಲ್ಲಿಗೋ ಬಂದೆ. ಹೇಳಹೊರಟದ್ದು ನಮ್ಮತ್ತೆಯ ವಿಷಯ.

ಮದುವೆಯಾಗಿ ವರ್ತೂರಿನ ಪಕ್ಕದ ಹಳ್ಳಿಗೆ ಬಂದಾಗ, ನನ್ನ ತಲೆಯಲ್ಲಿದ್ದ ಪಟವೆಲ್ಲ ನಮ್ಮತ್ತೆ ಮುನಿತಾಯಮ್ಮನವರ ಹತ್ತಿರ ನಡೆಯಲಿಲ್ಲ. ಅವರ ಲೆಕ್ಕದಲ್ಲಿ ಮೇಲೂ ಇಲ್ಲ, ಕೆಳಗೂ ಇಲ್ಲ. "ಸತ್ತೋರು ಎಲ್ಲೋಯ್ತಾರಮ್ಮಿ? ಇಕ್ಕಿದ್ ಕಡೆ ಇರ್ತಾರೆ. ಮಾತಾಡಲ್ಲ ಅಷ್ಟೆ," ಎನ್ನುತ್ತಿದ್ದರು. ಮದುವೆಯಾದ ಕೆಲವು ವರ್ಷಕ್ಕೆ ಮಾವನವರು ತೀರಿಕೊಂಡು, ಅವರನ್ನು ನಮ್ಮದೇ ರಾಗಿ ಹೊಲದ ಅಂಚಿನಲ್ಲಿ ಹೊಂಗೆ ಮರದ ಕೆಳಗೆ ಮಣ್ಣು ಮಾಡಿದ ಮೇಲೆ, ಆ ಮಾತಿಗೆ ಇನ್ನೊಂದನ್ನೂ ಸೇರಿಸಿದರು: "ಇದ್ದಾಗ್ಲೂ ನಿಮ್ಮಾವ ಎಲ್ಲಿ ಮಾತಾಡ್ತಿದ್ರು?"

ಮಾವನವರ ಸಮಾಧಿಗೆ ಒಂದು ಕಲ್ಲಿನ ಕಟ್ಟೆ ಕಟ್ಟಿಸಿದ್ದೆವು. ಅತ್ತೆ ಹೊಲಕ್ಕೆ ಹೋದಾಗ ಅದರ ಮೇಲೆ ಬುತ್ತಿ ಇಟ್ಟುಕೊಂಡು ಉಣ್ಣುತ್ತಿದ್ದರು. ಅದರ ಎಡಗಡೆಯ ಜಾಗ ತಮ್ಮದು ಎಂದು ಅವರು ಯಾರಿಗೂ ಹೇಳಿರಲಿಲ್ಲ. ಹೇಳಬೇಕಾದ ವಿಷಯ ಎಂದು ಅವರಿಗೆ ಅನ್ನಿಸಿರಲೂ ಇಲ್ಲ. ಗಂಡನ ಎಡಗಡೆ ಹೆಂಡತಿಯಲ್ಲದೆ ಇನ್ನೇನು ಬರುತ್ತದೆ?

ಆಮೇಲೆ ಬಂದದ್ದು ನಿಮಗೂ ಗೊತ್ತು. ವೈಟ್‌ಫೀಲ್ಡಿನ ಕಡೆಯಿಂದ ಗಾಜಿನ ಕಟ್ಟಡಗಳು ಒಂದೊಂದಾಗಿ ನಮ್ಮ ಕಡೆ ತಿರುಗಿದವು. ಅಕ್ಕಪಕ್ಕದ ಹೊಲಗಳೆಲ್ಲ ಸೈಟಾದ ಮೇಲೆ ನಡುವೆ ನಮ್ಮದೊಂದರಲ್ಲಿ ರಾಗಿ ಬೆಳೆಯುವುದೂ ಆಗಲಿಲ್ಲ. ಎಲ್ಲರೂ ಒಪ್ಪಿಯೇ ಮಾರಿದೆವು. ನಮ್ಮ ಮನೆಯವರು ಊರಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟರು, ಸಿಮೆಂಟು ಕಬ್ಬಿಣದ ವ್ಯಾಪಾರ ಚೆನ್ನಾಗಿಯೇ ನಡೆಯಿತು. ಅತ್ತೆ ಹಾಕಿದ್ದು ಒಂದೇ ಷರತ್ತು: ಸಮಾಧಿಯನ್ನು ಯಾರೂ ಮುಟ್ಟಬಾರದು, ಹಿರಿಯರ ಹಬ್ಬಕ್ಕೆ ನಾವು ಬಂದು ಎಡೆ ಇಡುವುದಕ್ಕೆ ಬಿಡಬೇಕು. ಕೊಂಡವರು ಅದನ್ನು ಪತ್ರದಲ್ಲೂ ಬರೆದುಕೊಟ್ಟರು. ಕಟ್ಟೆಯನ್ನು ಅಳತೆ ಮಾಡಿ, ಅಷ್ಟು ಜಾಗ ಬಿಟ್ಟು, ಸುತ್ತ ಕಟ್ಟಡ ಎಬ್ಬಿಸಿದರು.

ಆ ಅಪಾರ್ಟ್‌ಮೆಂಟಿನ ಹೆಸರು ಬೇಡ. ಇಂಗ್ಲಿಷಿನಲ್ಲಿ ಅದಕ್ಕೆ ಸ್ವರ್ಗ ಎಂದೇ ಅರ್ಥ. ನಾನು ಅದನ್ನು ಅತ್ತೆಗೆ ಬಿಡಿಸಿ ಹೇಳಿದಾಗ ಅವರು ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕರು. "ನೋಡ್ದೇನಮ್ಮಿ, ನಮ್ ಯಜಮಾನ್ರು ಸ್ವರ್ಗಕ್ಕೋಗ್ನಿಲ್ಲ. ಸ್ವರ್ಗಾನೇ ಅವ್ರ ತಾವ್ ಬಂತು!"

ಜನ ಒಕ್ಕಲು ಬಂದ ಮೇಲೆ ಬಂದ ಮೊದಲ ಮಹಾಲಯ ಅಮಾವಾಸ್ಯೆಗೆ ನಾವಿಬ್ಬರೂ ಹೋದೆವು. ನನ್ನ ಕೈಯಲ್ಲಿ ಮುದ್ದೆ, ಮಟನ್ ಸಾರು, ವಡೆ, ಕಜ್ಜಾಯದ ಕ್ಯಾರಿಯರ್ರು; ಅತ್ತೆಯ ಬುಟ್ಟಿಯಲ್ಲಿ ಹೊಸ ಪಂಚೆ, ಹೂವು, ಊದಿನಕಡ್ಡಿ ಮತ್ತು ಎಲೆಯಲ್ಲಿ ಸುತ್ತಿದ ಒಂದು ಚಿಕ್ಕ ಬಾಟ್ಲಿ. ಗೇಟಿನಲ್ಲಿ ಸೆಕ್ಯುರಿಟಿಯವನು ತಡೆದ. ಒರಿಸ್ಸಾ ಕಡೆಯ ಹುಡುಗ, ಕನ್ನಡ ಆಗತಾನೆ ಕಲಿಯುತ್ತಿದ್ದ.

"ಯಾರ್ ನೋಡ್ಬೇಕು ಅಮ್ಮಾ?"

"ನಮ್ ಯಜಮಾನ್ರನ್ನ ಕಣಪ್ಪ."

"ನೇಮ್?"

ಅತ್ತೆ ಮದುವೆಯಾದಾಗಿನಿಂದ ಗಂಡನ ಹೆಸರು ಬಾಯಿಬಿಟ್ಟು ಹೇಳಿದವರಲ್ಲ. ನಾಚಿಕೊಂಡು ನನ್ನ ಕಡೆ ತಿರುಗಿ, "ನೀನೇ ಏಳಮ್ಮಿ," ಎಂದರು. "ಪಿಳ್ಳಪ್ಪ," ಎಂದೆ. ಅವನು ಕಷ್ಟಪಟ್ಟು ಬರೆದುಕೊಂಡ.

"ಫ್ಲ್ಯಾಟ್ ನಂಬರ್?"

"ಫ್ಲಾಟು ಗೀಟು ಏನಿಲ್ಲಪ್ಪ. ಅವ್ರು ಕೆಳಗಡೇನೆ ಅವ್ರೆ."

"ಗ್ರೌಂಡ್ ಫ್ಲೋರಾ?"

"ಊ ಕಣಪ್ಪ. ಅದೇ."

ನಾನು ಅಡ್ಡ ಬಾಯಿ ಹಾಕಬೇಕಿತ್ತು. ಆದರೆ ನಗು ತಡೆಯುವುದರಲ್ಲೇ ನನ್ನ ಶಕ್ತಿಯೆಲ್ಲ ಹೋಗಿತ್ತು. ಅವನು ಇಂಟರ್‌ಕಾಮಿನಲ್ಲಿ ಕೆಳ ಮಹಡಿಯ ಎಲ್ಲ ಮನೆಗೂ ಫೋನು ಮಾಡಿ ಪಿಳ್ಳಪ್ಪನವರನ್ನು ವಿಚಾರಿಸಿದ. ಕೊನೆಗೆ, "ಅಮ್ಮಾ, ನೀವು ಅವರ ಮೊಬೈಲ್‌ಗೆ ಮಾಡಿ," ಎಂದ. ಆಗ ನಾನು ಹೊಂಗೆ ಮರದ ಕಡೆ ಕೈ ತೋರಿಸಿ ವಿಷಯ ಹೇಳಿದೆ. ಹುಡುಗ ಟೋಪಿ ತೆಗೆದು, ಗೇಟನ್ನು ಪೂರ್ತಿ ತೆರೆದು ನಿಂತ, ಕಾರಿಗೆ ತೆರೆಯುವ ಹಾಗೆ.

ಒಳಗೆ ಹೋದರೆ ನಮ್ಮ ಹೊಲದ ಗುರುತೇ ಇಲ್ಲ. ಹುಲ್ಲುಹಾಸು, ಬಣ್ಣದ ಇಟ್ಟಿಗೆಯ ದಾರಿ, ಕಲ್ಲಿನ ಬೆಂಚು. ಹೊಂಗೆ ಮರ ಮಾತ್ರ ಇತ್ತು. ಅದರ ಕೆಳಗೆ ಮಾವನವರ ಕಟ್ಟೆ, ಸುತ್ತ ಕಂಬಿ ಬೇಲಿ. ಕಟ್ಟೆಯ ಎಡಗಡೆ ಬೇಲಿಗೆ ತಾಗಿದಂತೆ ಕೆಂಪು ಹಳದಿ ಬಣ್ಣದ ಒಂದು ಜಾರುಬಂಡೆ. ಮಕ್ಕಳು ಸಾಲಾಗಿ ಹತ್ತುತ್ತಿದ್ದರು, ಜಾರುತ್ತಿದ್ದರು, ಮತ್ತೆ ಹತ್ತುತ್ತಿದ್ದರು.

ಅತ್ತೆ ಬಹಳ ಹೊತ್ತು ಆ ಜಾರುಬಂಡೆಯನ್ನೇ ನೋಡುತ್ತಾ ನಿಂತರು. ಮಕ್ಕಳನ್ನು ನೋಡುತ್ತಿದ್ದಾರೆ ಎಂದುಕೊಂಡೆ.

ಎಡೆ ಇಟ್ಟು, ದೀಪ ಹಚ್ಚಿ, ಕೈಮುಗಿದೆವು. ಇನ್ನು ಸ್ವಲ್ಪ ಹೊತ್ತು ಎಲ್ಲರೂ ಆಚೆ ಸರಿಯಬೇಕು. ನೋಡುತ್ತಾ ನಿಂತರೆ ಹಿರಿಯರು ಉಣ್ಣುವುದಿಲ್ಲ. ನಾವು ಸರಿದೆವು. ಆದರೆ ಎದುರಿನ ಬೆಂಚಿನ ಮೇಲೆ ವಯಸ್ಸಾದವರೊಬ್ಬರು ಪೇಪರು ಹಿಡಿದು ಕೂತಿದ್ದರು. ಪೇಪರಿನ ಮೇಲಿನಿಂದ ಅವರ ಕನ್ನಡಕ ಎಡೆಯ ಕಡೆಗೇ ಇತ್ತು.

ಅತ್ತೆ ಅವರ ಹತ್ತಿರ ಹೋಗಿ, "ಸಾಮಿ, ಒಸಿ ಆಕಡೆ ತಿರೀಕೊಳ್ಳಿ. ನಮ್ಮೋರು ಊಟ ಮಾಡ್ಬೇಕು," ಎಂದರು.

ಅವರು ಎದ್ದು, ಬೆಂಚಿನ ಇನ್ನೊಂದು ಕಡೆ ಕಾಲು ಹಾಕಿ, ಬೆನ್ನು ತಿರುಗಿಸಿ ಕೂತರು. ತುಸು ಹೊತ್ತಾದ ಮೇಲೆ ಹಾಗೆಯೇ, ತಿರುಗದೆ ಕೇಳಿದರು: "ಅಮ್ಮಾರ, ಊಟ ಆತೇನ್ರಿ ಅವರದು?"

"ಇನ್ನೂ ಇಲ್ಲ ಸಾಮಿ. ಅವ್ರು ನಿಧಾನ."

ಅವರೇ ಹೊಸಮನಿ ಮಾಸ್ತರರು. ಗದಗ ಕಡೆಯವರು, ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿ ನಿವೃತ್ತರಾದವರು. ಹೆಂಡತಿ ತೀರಿಹೋದ ಮೇಲೆ ಮಗಳ ಮನೆಗೆ ಬಂದು ಅಲ್ಲೇ ನಾಲ್ಕನೇ ಮಹಡಿಯಲ್ಲಿದ್ದರು. ಅವರು ಮಾಂಸ ಮುಟ್ಟದವರು, ಎಡೆಯ ಊಟದಲ್ಲಿ ಸಾರು ತಾಗದೆ ಉಳಿದದ್ದು ಕಜ್ಜಾಯ ಒಂದೇ. ಅದನ್ನು ಅತ್ತೆ ಕೈಗಿತ್ತಾಗ ಅವರು ಮೊದಲೇ ಹೇಳಿಬಿಟ್ಟರು: "ಅಮ್ಮಾರ, ತಿಂತೀನಿ. ಆದ್ರ ನನಗ ಇದರಾಗೆಲ್ಲ ನಂಬಿಕಿ ಇಲ್ಲ ನೋಡ್ರಿ."

"ಕಜ್ಜಾಯದಾಗೂ ಇಲ್ವಾ?" ಎಂದರು ಅತ್ತೆ.

ಅಂದಿನಿಂದ ಅತ್ತೆಗೆ ಸಂಜೆ ಹೊತ್ತು ಆ ಕಡೆ ಹೋಗಿ ಬರುವ ಅಭ್ಯಾಸವಾಯಿತು. ಗಂಡನ ಸಮಾಧಿಗೆ ಕೈಮುಗಿದು ಬೆಂಚಿನ ಒಂದು ತುದಿಯಲ್ಲಿ ಕೂರುತ್ತಿದ್ದರು. ಇನ್ನೊಂದು ತುದಿಯಲ್ಲಿ ಮಾಸ್ತರರು. ಕರೆದುಕೊಂಡು ಬರಲು ನಾನು ಹೋದಾಗಲೆಲ್ಲ ಇಬ್ಬರ ವಾದ ನಡೆದಿರುತ್ತಿತ್ತು.

"ದೀಪ ಆರಿತು ಅಂದ್ರ ಬೆಳಕು ಎಲ್ಲಿಗೂ ಹೋಗೂದಿಲ್ಲರಿ. ಮುಗೀತದ, ಅಷ್ಟ," ಎನ್ನುವರು ಮಾಸ್ತರರು.

"ಕರೆಂಟ್ ಓಯ್ತದೆ. ಮತ್ ಬರಲ್ವಾ ಸಾಮಿ?"

"ಅದು ಬ್ಯಾರೆ ವಿಷಯ."

"ನಮ್ ಕಡೆ ಅದೇ ವಿಷಯ. ದಿನಾ ಓಯ್ತದೆ, ದಿನಾ ಬರ್ತದೆ."

ನನಗೆ ಇಬ್ಬರ ಮಾತೂ ಸರಿ ಎನ್ನಿಸುತ್ತಿತ್ತು. ನನ್ನ ಬುದ್ಧಿಯೇ ಹಾಗೆ, ಕೊನೆಗೆ ಮಾತಾಡಿದವರ ಕಡೆ. ನಮ್ಮ ಶಾಲೆಯ ಸ್ಟೆಲ್ಲಾ ಮಿಸ್ಸು, ಕೊನೆಯ ದಿನ ಸತ್ತವರೆಲ್ಲ ಸಮಾಧಿಯಿಂದ ದೇಹದ ಸಮೇತ ಎದ್ದು ಬರುತ್ತಾರೆ ಎಂದು ಎಷ್ಟು ಚೆನ್ನಾಗಿ ಹೇಳಿದರೆಂದರೆ ಒಂದು ವಾರ ನಾನು ಅದನ್ನೂ ನಂಬಿದ್ದೆ. ಅತ್ತೆಗೆ ಬಂದು ಹೇಳಿದಾಗ ಅವರು ಚಿಂತೆಗೆ ಬಿದ್ದರು. "ಎಲ್ರೂ ಒಂದೇ ದಿನ ಎದ್ಬುಟ್ರೆ ಈ ರೋಡ್ನಾಗೆ ಗತಿಯೇನಮ್ಮಿ? ಈಗ್ಲೇ ಮಾರತ್ತಳ್ಳಿಗೋಗಕ್ಕೆ ಅರ್ಧ ದಿನ ಬೇಕು."

ಒಂದು ಸಂಜೆ ಅತ್ತೆ ಮಾಸ್ತರರನ್ನು ನೇರವಾಗಿ ಕೇಳಿಬಿಟ್ಟರು: "ನಿಮ್ ಮನೆಯವ್ರು ಈಗ ಎಲ್ಲವ್ರೆ ಸಾಮಿ?"

ಮಾಸ್ತರರು ಪೇಪರನ್ನು ಮಡಿಚಿ ತೊಡೆಯ ಮೇಲಿಟ್ಟರು. "ಎಲ್ಲೂ ಇಲ್ರಿ. ಬೂದಿ ಹೊಳಿಗೆ ಬಿಟ್ವಿ. ಮುಗೀತು."

"ಅಂಗನ್ಬೇಡಿ," ಎಂದರು ಅತ್ತೆ. ವಾದದ ದನಿಯಲ್ಲಿ ಅಲ್ಲ. ಚಳಿಯಲ್ಲಿ ಹೊದಿಕೆಯಿಲ್ಲದೆ ಕೂತವರನ್ನು ಕಂಡರೆ ಮಾತಾಡುತ್ತೇವಲ್ಲ, ಆ ದನಿಯಲ್ಲಿ. ಮನೆಗೆ ಬರುವ ದಾರಿಯುದ್ದಕ್ಕೂ ಅವರಿಗೆ ಅದೇ ಯೋಚನೆ. "ಎಲ್ಲೂ ಇಲ್ಲ ಅಂದ್ರೆ ಆ ಸಾಮಿ ಯಾರ್ ತಾವ ಮಾತಾಡ್ತಾರಮ್ಮಿ?"

ಮುಂದಿನ ವರ್ಷದ ಮಹಾಲಯ ಅಮಾವಾಸ್ಯೆ ಹತ್ತಿರ ಬಂದಾಗ ಅತ್ತೆ ಅವರ ಹೆಂಡತಿಗೆ ಏನು ಇಷ್ಟವಿತ್ತು ಎಂದು ಕೇಳಿದರು. ಮಾಸ್ತರರು ಎರಡು ಮೂರು ಸಲ ಮಾತು ಹಾರಿಸಿದರು. ಅತ್ತೆ ಬಿಡಲಿಲ್ಲ. ಕೊನೆಗೆ, "ಶೇಂಗಾ ಹೋಳಿಗಿ," ಎಂದರು.

ನಮ್ಮ ಕಡೆ ಹೋಳಿಗೆ ಎಂದರೆ ಬೇಳೆ ಅಥವಾ ಕಾಯಿ. ಕಡಲೆಕಾಯಿ ಬೀಜವನ್ನು ಹುರಿದು, ಪುಡಿ ಮಾಡಿ, ಬೆಲ್ಲ ಕಲಸಿ ಹೋಳಿಗೆ ಮಾಡುವುದನ್ನು ನಾನು ಕಂಡಿರಲೂ ಇಲ್ಲ. ನನ್ನ ಹೋಳಿಗೆ ಹಂಚಿನ ಮೇಲೆ ಒಡೆದು, ಹೂರಣ ಆಚೆ ಬಂದು, ಕರಕಲಾಗಿ, ನಕ್ಷೆಯಲ್ಲಿನ ಯಾವುದೋ ದ್ವೀಪದ ಹಾಗೆ ಆಯಿತು. ಇದ್ದುದರಲ್ಲಿ ದುಂಡಗಿದ್ದವನ್ನು ಆರಿಸಿಕೊಂಡು ಹೋದೆವು. ಮಾವನವರ ಎಡೆಯ ಪಕ್ಕದಲ್ಲಿ ಅತ್ತೆ ಇನ್ನೊಂದು ಚಿಕ್ಕ ಎಲೆ ಹಾಕಿ ಅವನ್ನು ಇಟ್ಟರು. ಮಾಸ್ತರರಿಗೆ ಈ ಸಲ ಯಾರೂ ಹೇಳಬೇಕಾಗಲಿಲ್ಲ. ತಾವೇ ಬೆನ್ನು ತಿರುಗಿಸಿ ಕೂತರು. ಎಷ್ಟೋ ಹೊತ್ತು ಹಾಗೆಯೇ ಇದ್ದರು. ಊಟ ಆಯಿತೇ ಎಂದು ಕೇಳಲಿಲ್ಲ.

ಆಮೇಲೆ ಒಂದು ಹೋಳಿಗೆ ಮುರಿದು ಬಾಯಿಗಿಟ್ಟು, ನಿಧಾನವಾಗಿ ಅಗಿದು, "ಆಕಿ ಇದಕ್ಕಿಂತ ಭಾಳ ಛಲೋ ಮಾಡ್ತಿದ್ಲು," ಎಂದರು. ಎಂದವರು ಇನ್ನೊಂದು ತೆಗೆದುಕೊಂಡರು. ಮೇಷ್ಟ್ರುಗಳು ಸುಮ್ಮನೆ ಮಾರ್ಕ್ಸು ಕೊಡುವುದಿಲ್ಲ, ನನಗೆ ಗೊತ್ತು. ಆ ಎರಡನೆಯ ಹೋಳಿಗೆಯೇ ನನ್ನ ಮಾರ್ಕ್ಸು.

ಜಾರುಬಂಡೆಯ ವಿಷಯ ಅತ್ತೆ ಬಾಯಿಬಿಟ್ಟದ್ದು ಇದಾದ ಎಷ್ಟೋ ಕಾಲದ ಮೇಲೆ, ಒಂದು ಸಲ ಜ್ವರ ಬಂದು ಎದ್ದಾಗ. "ಅದು ನನ್ ಜಾಗ ಕಣಮ್ಮಿ. ಆ ಜಾರೋದು ಐತಲ್ಲ, ಅದ್ರಡಿ," ಎಂದರು. ಮೊದಲ ದಿನ ಅವರು ನೋಡುತ್ತಾ ನಿಂತದ್ದು ಮಕ್ಕಳನ್ನಲ್ಲ. ಇಷ್ಟು ವರ್ಷ ಅದನ್ನು ಒಳಗೇ ಇಟ್ಟುಕೊಂಡಿದ್ದರು.

ನಮ್ಮ ಮನೆಯವರು ಅಪಾರ್ಟ್‌ಮೆಂಟಿನ ಸಂಘದವರ ಹತ್ತಿರ ಮಾತಾಡಿದರು. ಅವರೂ ಒಳ್ಳೆಯ ಜನ. ಒಂದು ಭಾನುವಾರ ಬೆಳಿಗ್ಗೆ ಬನ್ನಿ, ಕೂತು ಮಾತಾಡೋಣ ಎಂದರು. ಮೆತ್ತನೆಯ ಕುರ್ಚಿಗಳಿದ್ದ ದೊಡ್ಡ ಕೋಣೆಯಲ್ಲಿ ಅತ್ತೆ ತುದಿಯಲ್ಲಿ ಕೂತರು, ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಮಾಸ್ತರರು ಅವರ ಪಕ್ಕದಲ್ಲಿದ್ದರು. ಕನ್ನಡ ಬರದವರಿಗೆ ಅತ್ತೆಯ ಮಾತನ್ನು ಇಂಗ್ಲಿಷಿನಲ್ಲಿ ಹೇಳುವ ಕೆಲಸ ಅವರದು. ಅತ್ತೆಯ ಆಸೆಯನ್ನು ಅವರು ಎದ್ದು ನಿಂತು ಹೇಳಿದಾಗ ಯಾರೂ ನಗಲಿಲ್ಲ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ ಒಬ್ಬ ತಾಯಿ ಕಣ್ಣು ಒರೆಸಿಕೊಂಡಳು. ಆದರೆ ಜನ ವಾಸಿಸುವ ಜಾಗದಲ್ಲಿ ಹೊಸದಾಗಿ ಮಣ್ಣು ಮಾಡಲು ಸರ್ಕಾರ ಒಪ್ಪುವುದಿಲ್ಲ, ನಾವು ಒಪ್ಪಿದರೂ ಆಗುವುದಿಲ್ಲ ಎಂದು ಕಾರ್ಯದರ್ಶಿ ಕೈಮುಗಿದು ಹೇಳಿದರು. "ಬೇಕಾದ್ರೆ ಆ ಸ್ಲೈಡ್‌ನ ಬೇರೆ ಕಡೆ ಹಾಕಿಸ್ತೀವಿ ಅಮ್ಮ. ಜಾಗ ಖಾಲಿ ಇರ್ಲಿ. ಅಷ್ಟು ಮಾಡ್ಬಹುದು."

ಎಲ್ಲರೂ ಅತ್ತೆಯ ಮುಖ ನೋಡಿದರು. ಅವರು ಕಿಟಕಿಯಾಚೆ ನೋಡುತ್ತಿದ್ದರು. ಅಲ್ಲಿ ಮಕ್ಕಳು ಜಾರುತ್ತಿದ್ದರು.

"ಬ್ಯಾಡ ಬುಡಪ್ಪ," ಎಂದರು ಕೊನೆಗೆ. "ಐಕ್ಳು ಆಡ್ಲಿ. ನಮ್ ಯಜಮಾನ್ರಿಗೂ ಒಸಿ ಸದ್ದಿರ್ತದೆ. ನಾನು ಕೆರೆ ತಾವ ನಮ್ಮೂರ ಸ್ಮಶಾನಕ್ಕೇ ಓಯ್ತೀನಿ."

"ಮತ್ತ ಅವರು ಇಲ್ಲೇ ಒಬ್ಬರ ಆಗ್ತಾರಲ್ರಿ?" ಎಂದರು ಮಾಸ್ತರರು. ಇದನ್ನು ಇಂಗ್ಲಿಷಿಗೆ ತಿರುಗಿಸಬೇಕಾದ ಅಗತ್ಯವಿರಲಿಲ್ಲ, ಅವರದೇ ಪ್ರಶ್ನೆ.

ಅತ್ತೆ ಕುರ್ಚಿಯಿಂದ ಇಳಿದು ಸೆರಗು ಸರಿಮಾಡಿಕೊಂಡರು. "ಅವ್ರೇ ಬರ್ಲಿ ಸಾಮಿ. ಹೊಲಕ್ಕೆ, ಸಂತೆಗೆ, ನೆಂಟ್ರ ಮನೆಗೆ, ಬದ್ಕಿರೋಗಂಟ ನಾನೇ ಅವ್ರ ಇಂದಿಂದೆ ಓಡಾಡಿವ್ನಿ. ಒಂದ್ಸಲ ಅವ್ರು ನನ್ನ ಉಡುಕ್ಕೊಂಡ್ ಬರ್ಲಿ."

ಮನೆಗೆ ಬರುವಾಗ ಅವರು ಬಹಳ ಹಗುರವಾಗಿದ್ದರು. ದಾರಿಯಲ್ಲಿ ನಿಂತು ಬಜ್ಜಿ ಬೇಕು ಎಂದರು. ತಿಂದೆವು.

ಅದಾದ ಮೇಲೂ ಅತ್ತೆ ಕ್ಷೇಮವಾಗಿಯೇ ಇದ್ದರು. ಬೆಂಚು, ವಾದ, ಕರೆಂಟು, ಎಲ್ಲ ಮೊದಲಿನ ಹಾಗೆ. ಒಂದು ದಿನ ಮಧ್ಯಾಹ್ನ ಅವರೆಕಾಳಿನ ಸಾರಿನಲ್ಲಿ ಮುದ್ದೆ ಉಂಡು, ಸಾರು ಚೆನ್ನಾಗಿದೆ ಎಂದು ಅಪರೂಪಕ್ಕೆ ಹೊಗಳಿ, ಗೋಡೆಯ ಕಡೆ ತಿರುಗಿ ಮಲಗಿದರು. ಕಾಫಿಗೆ ಎಬ್ಬಿಸಲು ಹೋದರೆ ಅವರಿರಲಿಲ್ಲ. ನನ್ನ ಸಾರನ್ನು ಹೊಗಳಿದಾಗಲೇ ನನಗೆ ಅನುಮಾನ ಬರಬೇಕಿತ್ತು ಎಂದು ಆಮೇಲೆ ನೆಂಟರ ನಡುವೆ ಕೂತು ಹೇಳಿ ಅಳುತ್ತಾ ನಕ್ಕೆ.

ಕೆರೆಯ ಪಕ್ಕದ ಸ್ಮಶಾನದಲ್ಲಿ ಮಣ್ಣು ಮಾಡಿದೆವು. ಮಾಸ್ತರರು ಮಗಳ ಕಾರಿನಲ್ಲಿ ಬಂದು, ಒಂದು ಹಿಡಿ ಮಣ್ಣು ಹಾಕಿ ಹೋದರು. ಮೂರನೆಯ ದಿನ ಸಮಾಧಿಗೆ ಹಾಲು ತುಪ್ಪ ಬಿಡುವ ಶಾಸ್ತ್ರ. ಅದು ಮುಗಿದ ಮೇಲೆ ಚೊಂಬಿನಲ್ಲಿ ಸ್ವಲ್ಪ ಹಾಲು ಉಳಿದಿತ್ತು. "ಅಪ್ಪನ್ ತಾವ್ಲೂ ಒಂದು ಹನಿ ಬಿಟ್ಟು ಬಂದ್ಬಿಡೇ," ಎಂದರು ನಮ್ಮ ಮನೆಯವರು. ಅವರು ನೆಂಟರ ಊಟ ನೋಡಿಕೊಳ್ಳಬೇಕಿತ್ತು. ನಾನೊಬ್ಬಳೇ ಹೊರಟೆ.

ಮಕ್ಕಳು ಶಾಲೆಯಿಂದ ಬಂದಿರದ ಹೊತ್ತು. ಜಾರುಬಂಡೆ ಖಾಲಿಯಿತ್ತು. ಕಟ್ಟೆಯ ಮುಂದೆ ಮಾಸ್ತರರು ನಿಂತಿದ್ದರು, ಕೂತಿರಲಿಲ್ಲ. ಕೈ ಹಿಂದಕ್ಕೆ ಕಟ್ಟಿ, ತರಗತಿಯ ಮುಂದೆ ನಿಂತ ಹಾಗೆ ನೆಟ್ಟಗೆ ನಿಂತು ಮಾತಾಡುತ್ತಿದ್ದರು. ನನ್ನ ಹೆಜ್ಜೆಯ ಸದ್ದು ಅವರಿಗೆ ಕೇಳಿಸಲಿಲ್ಲ.

"ನಮಸ್ಕಾರ್ರೀ ಯಜಮಾನ್ರ. ನನ್ನ ಹೆಸರು ಹೊಸಮನಿ. ಇಷ್ಟು ವರ್ಷ ಎದುರಿಗೇ ಕುಂತ್ರೂ ನಿಮ್ಮನ್ನ ಮಾತಾಡಿಸಿರಲಿಲ್ಲ, ತಪ್ಪು ತಿಳೀಬ್ಯಾಡ್ರಿ. ಒಂದು ಸುದ್ದಿ ಅದ. ನಿಮ್ಮ ಮನಿಯವರು ಮೊನ್ನೆ ಊಟ ಮಾಡಿ ಮಲಗಿದವರು ಏಳಲಿಲ್ಲ. ತ್ರಾಸ ಏನೂ ಆಗಿಲ್ಲಂತ. ಅವರನ್ನ ಕೆರಿ ಬಾಜೂಕ ಇಟ್ಟಾರ. ನೀವೇ ಬರಬೇಕು ಅಂತ ಅವರ ಮಾತು. ಗೇಟಿನಿಂದ ಹೊರಗ ಬಿದ್ದು ಎಡಕ್ಕ ಹೊಳ್ಳ್ರಿ. ಸಿಗ್ನಲ್ ದಾಟ್ರಿ. ಮುಂದ ಪೆಟ್ರೋಲ್ ಬಂಕ್ ಬರ್ತದ, ಅದರ ಎದುರಿಗೆ ದೊಡ್ಡ ಮೊಬೈಲ್ ಅಂಗಡಿ..."

ನಾನು ಮೆಲ್ಲಗೆ ಕೆಮ್ಮಿದೆ. ಅವರು ತಿರುಗಿ ನೋಡಿದರು. ಕಾಪಿ ಹೊಡೆಯುವಾಗ ಸಿಕ್ಕಿಬಿದ್ದ ವಿದ್ಯಾರ್ಥಿಯ ಮುಖವಾಯಿತು.

"ನನಗೇನು ನಂಬಿಕಿ ಬಂದಿಲ್ಲ ಮತ್ತ," ಎಂದರು ಅವಸರದಲ್ಲಿ. "ನಂಬಿಕಿ ಬ್ಯಾರೆ, ಸುದ್ದಿ ಮುಟ್ಟಿಸೂದು ಬ್ಯಾರೆ. ಯಾರರೇ ಹೇಳಬೇಕಲ್ಲ?"

"ಹೇಳಿದ್ದು ಒಳ್ಳೇದಾಯ್ತು ಸಾರ್," ಎಂದೆ. "ಆದ್ರೆ ನಮ್ಮ ಮಾವನಿಗೆ ಸಿಗ್ನಲ್ ಗೊತ್ತಾಗಲ್ಲ. ಪೆಟ್ರೋಲ್ ಬಂಕೂ ಗೊತ್ತಾಗಲ್ಲ. ಅವರಿದ್ದಾಗ ಅವ್ಯಾವೂ ಇರಲಿಲ್ಲ."

ಮಾಸ್ತರರು ಇದನ್ನು ಯೋಚಿಸಿರಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡು, "ಮತ್ತ ಹೆಂಗ?" ಎಂದರು.

ನಾನು ಬೇಲಿಯ ಬಾಗಿಲು ತೆಗೆದು ಒಳಗೆ ಹೋಗಿ, ಕಟ್ಟೆಯ ಮೇಲೆ ಹಾಲು ಬಿಟ್ಟೆ. ಬದುಕಿದ್ದಾಗ ಮಾವನವರ ಎದುರು ನಿಂತು ನಾನು ಮಾತಾಡಿದವಳಲ್ಲ. ಏನಿದ್ದರೂ ಅಡಿಗೆಮನೆಯ ಬಾಗಿಲ ಮರೆಯಿಂದ. ಸೆರಗು ಹೊದ್ದುಕೊಂಡೆ. ಏನು ಹೇಳಬೇಕೆಂದು ಯೋಚಿಸುವ ಮೊದಲೇ ಬಾಯಿ ತೆರೆದಿತ್ತು.

"ಮಾವ, ಗೇಟಿನ ಕಡೆ ಹೋಗ್ಬೇಡಿ. ನಮ್ಮ ಹೊಲದ ಬದು ಹಿಡ್ಕೊಂಡು ಹಾಗೇ ಕೆಳಕ್ಕಿಳೀರಿ. ಹುರುಳಿ ಹಾಕ್ತಿದ್ದ ತಗ್ಗು ಸಿಗುತ್ತೆ. ಅಲ್ಲಿಂದ ಎತ್ತು ತೊಳೀತಿದ್ದ ಕಾಲುವೆ. ದಾಟೋವಾಗ ಹುಷಾರು, ಕಲ್ಲು ಪಾಚಿ ಕಟ್ಟಿರುತ್ತೆ. ಕಾಲುವೆ ಆಚೆಗೆ ಹುಣಸೆ ತೋಪು. ಅದನ್ನ ಬಲಕ್ಕೆ ಬಿಟ್ಟು ನಡೆದ್ರೆ ಗಂಗಮ್ಮನ ಕಲ್ಲು. ಅಲ್ಲಿ ನಿಂತ್ರೆ ಕೆರೆ ಏರಿ ಕಾಣುತ್ತೆ, ನೀರು ತುಂಬಿರುತ್ತೆ. ಏರಿ ಕೆಳಗೆ ಬಂದ್ಬಿಡಿ. ಮಣ್ಣು ಇನ್ನೂ ಹಸಿಯಾಗಿದೆ, ನೋಡಿದ ಕೂಡಲೇ ಗೊತ್ತಾಗುತ್ತೆ."

ಬದು ಇದ್ದ ಕಡೆ ಈಗ ಕಾರುಗಳು ನೆಲದಡಿಗೆ ಇಳಿಯುವ ದಾರಿ. ಹುರುಳಿಯ ತಗ್ಗಿನಲ್ಲಿ ಎರಡನೆಯ ಬ್ಲಾಕು. ಕಾಲುವೆ ಎಲ್ಲಿತ್ತೆಂದು ಮಳೆಗಾಲದಲ್ಲಿ ಮಾತ್ರ ತಿಳಿಯುತ್ತದೆ. ಹುಣಸೆ ತೋಪಿನ ಜಾಗದ ಬಗ್ಗೆ ಕೇಳಬೇಡಿ. ಆದರೆ ನಾನು ಹೇಳುತ್ತಾ ಹೋದಂತೆ ಅವು ಯಾವುವೂ ಅಡ್ಡ ಬರಲಿಲ್ಲ. ಕಾಲುವೆಯ ತಂಪು ಕೂಡ ನನ್ನ ಪಾದಕ್ಕೆ ತಾಗಿದಂತಾಯಿತು. ಇದೇ ನಂಬಿಕೆಯೋ ಏನೋ, ಮಾಸ್ತರರ ಮುಂದೆ ಹೇಳಲು ಧೈರ್ಯವಾಗಲಿಲ್ಲ.

ಮಾಸ್ತರರು ಕಾರು ಇಳಿಯುವ ಆ ದಾರಿಯ ಕಡೆಯೇ ನೋಡುತ್ತಿದ್ದರು. "ಈಗ ಹೊರಡ್ತಾರೇನು?" ಎಂದು ದನಿ ತಗ್ಗಿಸಿ ಕೇಳಿದರು.

ನಾನು ತಲೆಯೆತ್ತಿ ನೋಡಿದೆ. ಹೊಂಗೆಯ ಎಲೆಗಳ ನಡುವೆ ಸೂರ್ಯ ಇನ್ನೂ ಮೇಲೆಯೇ ಇದ್ದ.

"ಬಿಸಿಲು ಇಳೀಲಿ ಸಾರ್," ಎಂದೆ.

ಮಾಸ್ತರರು ಬೆಂಚಿನ ಮೇಲಿದ್ದ ಪೇಪರು ತೆಗೆದು ಜಾಗ ಮಾಡಿಕೊಟ್ಟರು. ಇಬ್ಬರೂ ಕೂತೆವು.